ಋಣ ಮತ್ತು ಕೃಪೆ: ಹಳಿಯಾಳ ಸೀಮೆಯ ಸಿದ್ದಿ ಕ್ರೈಸ್ತರ ಚರಿತ್ರೆಯಲ್ಲಿ ದೈವಾನುಗ್ರಹದ ಅರ್ಥ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಾದ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡಗಳು ಧಾರವಾಡದ ಬಯಲುಸೀಮೆ ಹಾಗೂ ಗೋವಾ ಇವುಗಳ ನಡುವೆ ಹಬ್ಬಿದ ಅರಣ್ಯಪ್ರದೇಶಕ್ಕೆ ಸೇರಿವೆ. ಈ ಕಾಡು ಶತಮಾನಗಳ ಕಾಲ ಅನೇಕ ಬಗೆಯ ನಿರಾಶ್ರಿತರಿಗೆ ನೆಲೆಯಾಗಿದೆ. ಕಲ್ಯಾಣಕ್ರಾಂತಿಯ ಅನಂತರ ಶರಣರು ಬಂದು ಸೇರಿದರೆಂದು ಪರಂಪರೆಯು ನಂಬುವ ಉಳವಿ ಜೋಯಿಡಾ ತಾಲೂಕಿನಲ್ಲಿದೆ. ಟಿಬೇಟಿನಿಂದ ಬಂದ ನಿರಾಶ್ರಿತರ ವಸಾಹತು 1966ರಲ್ಲಿ ಮುಂಡಗೋಡದ ಬಳಿ ಆರಂಭವಾಯಿತು. ಇವೆರಡರ ನಡುವಣ ಕಾಲಾವಧಿಯಲ್ಲಿ, ಹೆಚ್ಚು ಸದ್ದಿಲ್ಲದೆ ಬಂದು ನೆಲೆಸಿದವರು ಆಫ್ರಿಕ ಮೂಲದ ಸಿದ್ದಿಗಳು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಮತಗಳನ್ನು ಅನುಸರಿಸುವವರಿದ್ದು, ಕ್ರೈಸ್ತ ಸಿದ್ದಿಗಳ ವಸತಿಗಳು ಮುಖ್ಯವಾಗಿ ಹಳಿಯಾಳ ಮತ್ತು ಮುಂಡಗೋಡ ಭಾಗಗಳಲ್ಲಿ ಕಂಡುಬರುತ್ತವೆ.

ಕ್ರೈಸ್ತಧರ್ಮದ ತಿರುಳಾದ ದೈವಕೃಪೆಯ ತತ್ತ್ವವನ್ನು ಸಾಮಾನ್ಯವಾಗಿ ದೇವತಾಶಾಸ್ತ್ರದ ವಿಷಯವಾಗಿಯೂ, ಮತಾಂತರವನ್ನು ಸಾಮಾಜಿಕ ಇತಿಹಾಸದ ವಿಷಯವಾಗಿಯೂ ಬೇರೆ ಬೇರೆಯಾಗಿ ಅಧ್ಯಯನ ಮಾಡಲಾಗುತ್ತದೆ. ದಾಸ್ಯ ಮತ್ತು ಜ್ಞಾನಸ್ನಾನಗಳನ್ನು ಒಂದೇ ಕೈಯಿಂದ ಪಡೆದ ಸಮುದಾಯವೊಂದರಲ್ಲಿ ‘ಕೃಪೆ’ ಎಂಬ ಮಾತಿಗೆ ಯಾವ ಅರ್ಥ ಉಳಿಯಬಲ್ಲದು ಎಂಬ ಪ್ರಶ್ನೆಯು ಈ ಎರಡನ್ನೂ ಕೂಡಿಸಿ ನೋಡುವುದನ್ನು ಅನಿವಾರ್ಯವಾಗಿಸುತ್ತದೆ. ಪ್ರಸ್ತುತ ಪ್ರಬಂಧದಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ.

ಪದ ಮತ್ತು ತತ್ತ್ವ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಖಾರಿಸ್’ ಎಂಬ ಪದಕ್ಕೆ ಅರ್ಹತೆಯನ್ನು ನೋಡದೆ, ಪ್ರತಿಫಲವನ್ನು ಬಯಸದೆ ಕೊಡುವ ಕೊಡುಗೆ ಎಂಬ ಅರ್ಥವಿದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಕನ್ನಡ ಬೈಬಲ್ ಅನುವಾದವು 1831ರ ವೇಳೆಗೆ ಪೂರ್ಣಗೊಂಡಿತು. ಈ ಅನುವಾದ ಪರಂಪರೆಯಲ್ಲಿ ‘ಕೃಪೆ’ ಎಂಬ ಪದವು ನೆಲೆಗೊಂಡಿದೆ. ಕನ್ನಡ ಕಥೋಲಿಕರ ಪ್ರಾರ್ಥನೆಗಳಲ್ಲಿ ‘ವರಪ್ರಸಾದ’ ಎಂಬ ಪದವು ಬಳಕೆಯಲ್ಲಿದೆ. ಹಳಿಯಾಳ ಸೀಮೆಯ ಕ್ರೈಸ್ತ ಸಿದ್ದಿಗಳ ಮನೆಮಾತು ಕೊಂಕಣಿಯ ಒಂದು ಪ್ರಭೇದ. ಕೊಂಕಣಿಯಲ್ಲಿ ಅದೇ ಸಂಸ್ಕೃತ ಪದವು ‘ಕುರ್ಪಾ’ ಎಂದಾಗಿದೆ.

ಈ ಮೂರು ಪದಗಳಲ್ಲಿ ಯಾವುದೂ ಹೊಸದಾಗಿ ಸೃಷ್ಟಿಯಾದುದಲ್ಲ. ಪ್ರಸಾದವು ವೀರಶೈವರ ಅಷ್ಟಾವರಣಗಳಲ್ಲಿ ಒಂದು. ಉಳವಿಯ ಜಾತ್ರೆಗೆ ಹೋಗಿಬರುವ ಈ ಸೀಮೆಯ ಜನರಿಗೆ ಅದು ನಿತ್ಯಪರಿಚಿತ. ಆದರೆ ಕೃಪೆ ಎಂಬ ಪದಕ್ಕೆ ಲೌಕಿಕವಾದ ಇನ್ನೊಂದು ಮುಖವೂ ಇದೆ. ಅರಸನ ಕೃಪೆ, ಧಣಿಯ ಕೃಪೆ ಎಂಬ ಪ್ರಯೋಗಗಳಲ್ಲಿ ಅದು ಮೇಲಿನವನು ಕೆಳಗಿನವನಿಗೆ ತೋರುವ ದಾಕ್ಷಿಣ್ಯವಾಗಿದ್ದು, ಪಡೆದವನನ್ನು ಋಣಿಯನ್ನಾಗಿ ಮಾಡುತ್ತದೆ. ಧಣಿಯ ಕೃಪೆಯು ಸಾಲವಾಗಿ ಪರಿಣಮಿಸುತ್ತದೆ. ದೇವರ ಕೃಪೆಯಾದರೋ ಸಾಲವನ್ನು ಅಳಿಸುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಕಲಿಸಿದ ಪ್ರಾರ್ಥನೆಯ ಗ್ರೀಕ್ ಪಾಠವು ಪಾಪವನ್ನು ‘ಸಾಲ’ ಎಂಬ ಪದದಿಂದಲೇ ಸೂಚಿಸುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಕೃಪೆಯ ಕುರಿತು ಧರ್ಮಸಭೆಯೊಳಗೆ ನಡೆದ ವಾಗ್ವಾದವು ದೀರ್ಘವಾದುದು. ಮನುಷ್ಯನು ಸ್ವಪ್ರಯತ್ನದಿಂದ ಸನ್ಮಾರ್ಗಿಯಾಗಬಲ್ಲನೆಂಬ ಪೆಲಾಜಿಯಸನ ಅಭಿಪ್ರಾಯವನ್ನು ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನನು ಖಂಡಿಸಿದನು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನು ಕೃಪೆಯೊಂದರಿಂದಲೇ, ವಿಶ್ವಾಸದ ಮೂಲಕವೇ ಮನುಷ್ಯನು ನೀತಿವಂತನೆನಿಸುತ್ತಾನೆಂದು ಸಾರಿದನು. 1547ರಲ್ಲಿ ಟ್ರೆಂಟ್ ಮಹಾಸಭೆಯು ಕೃಪೆಯೇ ಮೊದಲೆಂಬುದನ್ನು ಒಪ್ಪಿ, ಅದರೊಂದಿಗೆ ಮನುಷ್ಯನ ಸಮ್ಮತಿ ಹಾಗೂ ಸಹಕಾರಗಳನ್ನೂ ಸೇರಿಸಿತು. ಕಥೋಲಿಕ ಮತ್ತು ಲೂಥರನ್ ಸಭೆಗಳು ಈ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು. ಟ್ರೆಂಟ್ ಮಹಾಸಭೆಯು ಮನುಷ್ಯನ ಸಮ್ಮತಿಯ ಕುರಿತು ಚರ್ಚಿಸುತ್ತಿದ್ದ ಶತಮಾನದಲ್ಲಿಯೇ ಪೋರ್ಚುಗೀಸ್ ಹಡಗುಗಳು ಸಮ್ಮತಿಯ ಪ್ರಶ್ನೆಯೇ ಇಲ್ಲದ ಆಫ್ರಿಕದ ಮನುಷ್ಯರನ್ನು ಗೋವಾಕ್ಕೆ ಹೊತ್ತು ತರುತ್ತಿದ್ದವು.

ಗೋವಾ: ಜ್ಞಾನಸ್ನಾನ ಮತ್ತು ದಾಸ್ಯ

ಆಫ್ರಿಕದವರು ದಖನ್ನಿಗೆ ಬಂದದ್ದು ಒಂದೇ ದಾರಿಯಿಂದಲ್ಲ. ಬಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನನಂಥ ಹಬಶಿ ಸರದಾರರು ಅಧಿಕಾರದ ಉನ್ನತ ಸ್ಥಾನಗಳಿಗೆ ಏರಿದ್ದರು. ಆದರೆ ಹಳಿಯಾಳ ಸೀಮೆಯ ಕ್ರೈಸ್ತ ಸಿದ್ದಿಗಳ ಪೂರ್ವಜರ ಬೇರುಗಳು ಗೋವಾದ ಮನೆವಾಳಿಕೆಯ ದಾಸ್ಯದಲ್ಲಿವೆ ಎಂಬುದನ್ನು ಅವರ ಕೊಂಕಣಿ ಮನೆಮಾತು, ಪೋರ್ಚುಗೀಸ್ ಮೂಲದ ಹೆಸರುಗಳು ಹಾಗೂ ಕಥೋಲಿಕ ಸಂಪ್ರದಾಯಗಳು ಸೂಚಿಸುತ್ತವೆ.

ಪೋಪ್ ಐದನೆಯ ನಿಕೋಲಸನು 1452 ಮತ್ತು 1455ರಲ್ಲಿ ಹೊರಡಿಸಿದ ಶಾಸನಪತ್ರಗಳು ಕ್ರೈಸ್ತೇತರರನ್ನು ಜಯಿಸಿ ದಾಸರನ್ನಾಗಿಸಿಕೊಳ್ಳುವ ಅಧಿಕಾರವನ್ನು ಪೋರ್ಚುಗಲ್ಲಿನ ಅರಸನಿಗೆ ನೀಡಿದ್ದವು. ದಾಸರಿಗೆ ಜ್ಞಾನಸ್ನಾನ ಕೊಡಿಸುವುದು ಒಡೆಯನ ಕರ್ತವ್ಯವೆನಿಸಿತು. ಆತ್ಮವು ಉದ್ಧಾರವಾಗುವುದರಿಂದ ದೇಹದ ಬಂಧನವು ಸಮರ್ಥನೀಯವೆಂಬ ವಾದವೂ ಇದರೊಂದಿಗೆ ಬೆಳೆಯಿತು. 1542ರಲ್ಲಿ ಗೋವಾಕ್ಕೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಬೀದಿಗಳಲ್ಲಿ ಗಂಟೆ ಬಾರಿಸುತ್ತ, ಮಕ್ಕಳನ್ನೂ ದಾಸರನ್ನೂ ಧರ್ಮೋಪದೇಶಕ್ಕೆ ಕಳುಹಿಸುವಂತೆ ಒಡೆಯರನ್ನು ಕೇಳಿಕೊಳ್ಳುತ್ತಿದ್ದರು. ಹೀಗೆ ಒಂದೇ ಉಪದೇಶವನ್ನು ಒಡೆಯನ ಮಗನೂ ಒಡೆಯನ ದಾಸನೂ ಕಲಿತರು. ದೇವರ ಮುಂದೆ ಇಬ್ಬರೂ ಸಮಾನರೆಂಬ ಮಾತು ಆ ಉಪದೇಶದಲ್ಲಿಯೇ ಅಡಗಿತ್ತು. ಆದರೆ ಅದರ ಪರಿಣಾಮವನ್ನು ಮನೆಯೊಳಗೆ ಜಾರಿಗೆ ತರುವ ಹೊಣೆಯನ್ನು ಯಾರೂ ಹೊರಲಿಲ್ಲ.

ಹೊಸ ಒಡಂಬಡಿಕೆಯಲ್ಲಿ ಈ ಸಂದರ್ಭಕ್ಕೆ ನೇರವಾಗಿ ಸಂಬಂಧಿಸಿದ ಒಂದು ಕಿರುಪತ್ರವಿದೆ. ಒಡೆಯನಾದ ಫಿಲೆಮೋನನಿಂದ ಅಗಲಿದ್ದ ದಾಸ ಒನೇಸಿಮನು ಸೆರೆಯಲ್ಲಿದ್ದ ಪೌಲನ ಬಳಿ ವಿಶ್ವಾಸಿಯಾಗುತ್ತಾನೆ. ಅವನನ್ನು ಇನ್ನು ದಾಸನೆಂದಲ್ಲ, ಸಹೋದರನೆಂದು ಸ್ವೀಕರಿಸಬೇಕೆಂದೂ, ಅವನಿಂದ ಬರಬೇಕಾದ ಸಾಲವೇನಾದರೂ ಇದ್ದರೆ ತನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕೆಂದೂ ಪೌಲನು ಒಡೆಯನಿಗೆ ಬರೆಯುತ್ತಾನೆ. ಇಲ್ಲಿ ದಾಸನ ಪರಿವರ್ತನೆ ಆಗಲೇ ನಡೆದುಹೋಗಿದೆ. ಪತ್ರವು ಬೇಡುವುದು ಒಡೆಯನ ಪರಿವರ್ತನೆಯನ್ನು. ಓಡಿಹೋದ ದಾಸನೆಂದೇ ಒನೇಸಿಮನನ್ನು ಗುರುತಿಸುವ ವ್ಯಾಖ್ಯಾನ ಪರಂಪರೆಯನ್ನು ನೆನೆದರೆ, ಗೋವಾದ ಒಡೆಯರಿಗೆ ಈ ಪತ್ರವು ಮುಜುಗರ ತರುವಂಥದಾಗಿತ್ತು.

ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ದಾಸ್ಯವನ್ನು ರದ್ದುಗೊಳಿಸಿದ್ದು 1869ರ ಕಾಯಿದೆಯಿಂದ. ಅದಕ್ಕೆ ಮುಂಚೆಯೇ ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ 1843ರ ಕಾಯಿದೆಯು ದಾಸ್ಯಕ್ಕಿದ್ದ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿತ್ತು. ಆದರೆ ಅನೇಕರು ಯಾವ ಕಾಯಿದೆಗೂ ಕಾಯದೆ ಘಟ್ಟ ಹತ್ತಿದ್ದರು.

ಘಟ್ಟದ ಮೇಲೆ: ಗುರುಗಳಿಲ್ಲದ ವಿಶ್ವಾಸ

ತಪ್ಪಿಸಿಕೊಂಡು ಬಂದವರು ಒಡೆಯನನ್ನು ತೊರೆದರೂ ಒಡೆಯನ ಮತವನ್ನು ತೊರೆಯಲಿಲ್ಲ ಎಂಬುದು ಈ ಚರಿತ್ರೆಯ ಅತ್ಯಂತ ಮಹತ್ವದ ಸಂಗತಿ. ಜ್ಞಾನಸ್ನಾನವು ಕೇವಲ ಬಲಾತ್ಕಾರದ ಗುರುತಾಗಿದ್ದರೆ ಕಾಡಿನಲ್ಲಿ ಅದನ್ನು ಕಳಚಿಹಾಕಲು ಯಾವ ಅಡ್ಡಿಯೂ ಇರಲಿಲ್ಲ. ಚರ್ಚುಗಳು ದೂರವಿದ್ದವು, ಗುರುಗಳ ಭೇಟಿ ಅಪರೂಪವಾಗಿತ್ತು. ಆದರೂ ಹೆಸರುಗಳು, ಶಿಲುಬೆ, ಪ್ರಾರ್ಥನೆಗಳು ಉಳಿದವು. ಇವುಗಳೊಂದಿಗೆ ಮೂರೂ ಮತಗಳ ಸಿದ್ದಿಗಳಲ್ಲಿ ಕಂಡುಬರುವ ಹಿರಿಯರ ಆರಾಧನೆಯೂ ಉಳಿಯಿತು. ಟಿ. ಸಿ. ಪಾಲಾಕ್ಷಪ್ಪನವರು 1976ರಲ್ಲಿ ಪ್ರಕಟಿಸಿದ ಸಿದ್ದಿಗಳ ಕುರಿತ ಅಧ್ಯಯನ ಹಾಗೂ ಘಾನಾ ಮೂಲದ ವಿದ್ವಾಂಸ ಪಾಷಿಂಗ್ಟನ್ ಒಬೆಂಗ್ ಅವರ 2007ರ ಗ್ರಂಥ ಈ ಸಮುದಾಯದ ಧಾರ್ಮಿಕ ಬದುಕನ್ನು ಅರಿಯಲು ಮುಖ್ಯ ಆಕರಗಳಾಗಿವೆ. ಸಿದ್ದಿಗಳು ತಮಗೆ ದೊರೆತ ಮತಗಳನ್ನು ತಮ್ಮದಾಗಿಸಿಕೊಂಡ ಬಗೆಯನ್ನು ಒಬೆಂಗ್ ವಿಶೇಷವಾಗಿ ಗುರುತಿಸಿದ್ದಾರೆ.

ಆದರೆ ಕಾಡು ಪೂರ್ಣ ಬಿಡುಗಡೆಯನ್ನು ಕೊಡಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮರಿ ಬೇಸಾಯದ ಮೇಲೆ ನಿರ್ಬಂಧಗಳು ಬಂದವು. 1878ರ ಅರಣ್ಯ ಕಾಯಿದೆಯ ತರುವಾಯ ಕಾಯ್ದಿಟ್ಟ ಅರಣ್ಯಗಳು ವಿಸ್ತರಿಸಿದವು. ಭೂಮಿಯಿಲ್ಲದ ಸಿದ್ದಿ ಕುಟುಂಬಗಳು ಭೂಮಾಲೀಕರ ಗದ್ದೆ ತೋಟಗಳಲ್ಲಿ ದುಡಿಮೆಗೆ ನಿಂತವು. ಮದುವೆಗೋ ಕಾಯಿಲೆಗೋ ಪಡೆದ ಸಾಲವು ಜೀತವಾಗಿ, ತಂದೆಯಿಂದ ಮಗನಿಗೆ ಇಳಿಯಿತು. ಸಮುದ್ರದಾಚೆಯಿಂದ ತಂದ ದಾಸ್ಯದ ಜಾಗದಲ್ಲಿ ಸಾಲದ ದಾಸ್ಯ ಬಂದಿತು. ಈ ಹಿನ್ನೆಲೆಯಲ್ಲಿ, ತೀರಿಸಬೇಕಾಗಿಲ್ಲದ ಕೊಡುಗೆಯೊಂದಿದೆ ಎಂಬ ಉಪದೇಶವು ಜೀತದಾಳಿನ ಕಿವಿಗೆ ಅಮೂರ್ತ ತತ್ತ್ವವಾಗಿ ಕೇಳಿಸಿರಲಾರದು.

ಧಾರವಾಡದ ಇನ್ನೊಂದು ಮಾದರಿ

ಹಳಿಯಾಳಕ್ಕೆ ಸಮೀಪದ ಧಾರವಾಡದಲ್ಲಿ ಬಾಸೆಲ್ ಮಿಷನ್ 1837ರಲ್ಲಿ ಕೇಂದ್ರವನ್ನು ತೆರೆಯಿತು. ಹುಬ್ಬಳ್ಳಿ ಮತ್ತು ಬೆಟಗೇರಿ ಕೇಂದ್ರಗಳು ಅದನ್ನು ಹಿಂಬಾಲಿಸಿದವು. ಜರ್ಮನಿಯ ಪಯಟಿಸ್ಟ್ ಪಂಥದ ಹಿನ್ನೆಲೆಯ ಈ ಮಿಷನರಿಗಳಿಗೆ ಕೃಪೆಯೆಂದರೆ ವ್ಯಕ್ತಿಯ ಅಂತರಂಗದಲ್ಲಿ ನಡೆಯುವ ಪಶ್ಚಾತ್ತಾಪ ಮತ್ತು ಪುನರ್ಜನ್ಮ. ಅವರ ವಾರ್ಷಿಕ ವರದಿಗಳು ಇಂಥ ವೈಯಕ್ತಿಕ ಪರಿವರ್ತನೆಯ ವೃತ್ತಾಂತಗಳಿಗೆ ಹೆಚ್ಚಿನ ಸ್ಥಳವನ್ನು ಕೊಡುತ್ತವೆ. ಪರಿವರ್ತನೆಯನ್ನು ದಿನಚರಿ, ದುಡಿಮೆ, ಅಕ್ಷರಾಭ್ಯಾಸ, ಮದ್ಯತ್ಯಾಗಗಳಲ್ಲಿ ಅಳೆಯುವ ಶಿಸ್ತೂ ಅಲ್ಲಿತ್ತು.

ಹಳಿಯಾಳ ಸೀಮೆಯ ಸಿದ್ದಿಗಳ ಸ್ಥಿತಿ ಇದಕ್ಕೆ ಭಿನ್ನ. ಅವರಿಗೆ ಮತವು ಹುಟ್ಟಿನೊಂದಿಗೆ ಬಂದುದು. ಆದ್ದರಿಂದ ಅವರ ಪರಿವರ್ತನೆಯನ್ನು ‘ಮೊದಲು’ ಮತ್ತು ‘ಅನಂತರ’ ಎಂದು ಎರಡಾಗಿ ಸೀಳುವ ಒಂದು ದಿನವಿಲ್ಲ. ಅದು ತಲೆಮಾರುಗಳ ಉದ್ದಕ್ಕೂ ಹರಡಿದೆ. ವ್ಯಕ್ತಿಯ ಆತ್ಮಕಥನಕ್ಕಿಂತ ಕುಟುಂಬದ ಹೆಸರು, ಹಬ್ಬ ಮತ್ತು ನೆನಪುಗಳಲ್ಲಿ ದಾಖಲಾಗಿದೆ. ಪಯಟಿಸ್ಟ್ ಮಾದರಿಯೊಂದನ್ನೇ ಅಳತೆಗೋಲಾಗಿ ಹಿಡಿದರೆ ಈ ಬಗೆಯ ವಿಶ್ವಾಸವು ಕೇವಲ ರೂಢಿಯಾಗಿ ಕಾಣಬಹುದು. ಆದರೆ ರೂಢಿಯನ್ನು ಕಾಯ್ದುಕೊಳ್ಳಲು ಯಾವ ಒತ್ತಾಯವೂ ಇಲ್ಲದೆಡೆಯಲ್ಲಿ ಕಾಯ್ದುಕೊಂಡದ್ದನ್ನು ಸಮ್ಮತಿಯೆಂದೇ ಕರೆಯಬೇಕಾಗುತ್ತದೆ. ಟ್ರೆಂಟ್ ಮಹಾಸಭೆಯು ಹೇಳಿದ ಸಹಕಾರವು ಗೋವಾದ ಜ್ಞಾನಸ್ನಾನದ ತೊಟ್ಟಿಯ ಬಳಿಯಲ್ಲಲ್ಲ, ಘಟ್ಟದ ಮೇಲಿನ ಈ ಹಾಡಿಗಳಲ್ಲಿ ನಡೆಯಿತು ಎಂದು ಹೇಳಬಹುದು.

ಕೃಪೆಯಿಂದ ಹಕ್ಕಿನೆಡೆಗೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯ ಧರ್ಮಸಭೆಯ ರಚನೆ ಬದಲಾಯಿತು. 1953ರಲ್ಲಿ ಬೆಳಗಾವಿ ಧರ್ಮಕ್ಷೇತ್ರವೂ, ಅದರಿಂದ ಬೇರ್ಪಟ್ಟು 1976ರಲ್ಲಿ ಕಾರವಾರ ಧರ್ಮಕ್ಷೇತ್ರವೂ ಸ್ಥಾಪನೆಯಾದವು. ಎರಡನೆಯ ವ್ಯಾಟಿಕನ್ ಮಹಾಸಭೆಯು (1962–65) ಆರಾಧನೆಯನ್ನು ಲ್ಯಾಟಿನ್ನಿನಿಂದ ಜನಭಾಷೆಗಳಿಗೆ ತಂದಿತು. ಬಡವರ ಸಂಕಟವು ಧರ್ಮಸಭೆಯದೇ ಸಂಕಟವೆಂಬ ತಿಳಿವಳಿಕೆಯನ್ನು ಬೆಳೆಸಿತು. ಮುಂಡಗೋಡದಲ್ಲಿ ಯೇಸುಸಭೆಯ ಗುರುಗಳು ನಡೆಸುವ ಲೊಯೋಲ ವಿಕಾಸ ಕೇಂದ್ರವು ಸಿದ್ದಿ, ಲಂಬಾಣಿ, ಗೌಳಿ ಮೊದಲಾದ ಸಮುದಾಯಗಳ ನಡುವೆ ಶಿಕ್ಷಣ ಮತ್ತು ಸಂಘಟನೆಯ ಕೆಲಸದಲ್ಲಿ ತೊಡಗಿದ್ದು ಈ ತಿಳಿವಳಿಕೆಯ ಫಲ.

ಇದೇ ಅವಧಿಯಲ್ಲಿ ಸೀಮೆಯ ಆರ್ಥಿಕ ಬದುಕೂ ಬದಲಾಗುತ್ತಿತ್ತು. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ದಾಂಡೇಲಿಯನ್ನು ಕೈಗಾರಿಕಾ ಪಟ್ಟಣವನ್ನಾಗಿಸಿತು. ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿ, ತಾಲೂಕು ಜೋಯಿಡಾ ಹೆಸರಿನಿಂದ ಉಳಿಯಿತು. 1974ರ ಭೂಸುಧಾರಣಾ ತಿದ್ದುಪಡಿ ಹಾಗೂ 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಗಳು ಧಣಿ ಮತ್ತು ಆಳಿನ ಸಂಬಂಧದ ಕಾನೂನು ಬುಡವನ್ನು ಕಡಿದವು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 2020ರಲ್ಲಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಇದು ವಿಸ್ತರಿಸಿತು.

ಈ ಮನ್ನಣೆಯ ಒಂದು ಅಂಶ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶವು ಮತದ ಷರತ್ತನ್ನು ಒಡ್ಡುತ್ತದೆ. ಕ್ರೈಸ್ತರಾದ ದಲಿತರು ಅದರ ಹೊರಗೆ ಉಳಿಯುತ್ತಾರೆ. ಪರಿಶಿಷ್ಟ ಪಂಗಡಗಳಿಗೆ ಅಂಥ ಷರತ್ತಿಲ್ಲ. ಹೀಗಾಗಿ ಸಿದ್ದಿಯೊಬ್ಬನು ಯಾವ ದೇವರನ್ನು ಪ್ರಾರ್ಥಿಸಿದರೂ ಅವನ ಹಕ್ಕು ಒಂದೇ. ವಿಶ್ವಾಸಕ್ಕೆ ಲಾಭದ ಆಮಿಷವಾಗಲಿ ನಷ್ಟದ ಭಯವಾಗಲಿ ಅಂಟಿಕೊಳ್ಳದ ಈ ಸ್ಥಿತಿಯು ಕೃಪೆಯ ಮೂಲ ಅರ್ಥಕ್ಕೆ, ಅಂದರೆ ಪ್ರತಿಫಲವಿಲ್ಲದ ಕೊಡುಗೆ ಎಂಬ ಅರ್ಥಕ್ಕೆ, ಹತ್ತಿರವಾದುದು. ಸೇವಾಸಂಸ್ಥೆಗಳ ಉಪಕಾರವು ಮತ್ತೊಂದು ಬಗೆಯ ಧಣಿಕೃಪೆಯಾಗಿ ಮಾರ್ಪಡುವ ಅಪಾಯವೂ ಇದರಿಂದ ತಗ್ಗುತ್ತದೆ. ಹಕ್ಕಾಗಿ ಪಡೆದುದಕ್ಕೆ ಯಾರಿಗೂ ಋಣಿಯಾಗಬೇಕಿಲ್ಲ.

ಕೌದಿಯ ಸಾಕ್ಷ್ಯ

ಲಿಖಿತ ಆಕರಗಳು ವಿರಳವಾದೆಡೆಯಲ್ಲಿ ವಸ್ತುಸಂಸ್ಕೃತಿಯು ನೆರವಾಗುತ್ತದೆ. ಹಳೆಯ ಬಟ್ಟೆಗಳ ತುಂಡುಗಳನ್ನು ಕೂಡಿಸಿ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನಗಳಿಂದ ಹೊರನಾಡುಗಳಲ್ಲಿಯೂ ಪರಿಚಿತವಾಗಿವೆ. ಕ್ರೈಸ್ತ ಸಿದ್ದಿಯರ ಕೆಲವು ಕೌದಿಗಳಲ್ಲಿ ಶಿಲುಬೆಯ ಆಕೃತಿ, ಮುಸ್ಲಿಂ ಸಿದ್ದಿಯರವುಗಳಲ್ಲಿ ಅರ್ಧಚಂದ್ರ ಕಾಣಸಿಗುತ್ತವೆ. ಮೂಲೆಗಳಲ್ಲಿ ಮಡಿಸಿ ಹೊಲಿಯುವ ಹೂವಿನಂಥ ತುಂಡುಗಳು ಮಾತ್ರ ಎಲ್ಲರಿಗೂ ಸಾಮಾನ್ಯ. ಕೌದಿಯಲ್ಲಿನ ಶಿಲುಬೆಯನ್ನು ಯಾವ ಗುರುಗಳೂ ವಿಧಿಸಿದ್ದಲ್ಲ. ಮಲಗುವ ಮಗುವಿನ ಮೈಮೇಲೆ ಅದು ಇರಲೆಂದು ಹೊಲಿಯುವವಳೇ ಆರಿಸಿಕೊಂಡದ್ದು. ಒಡೆಯನ ಮನೆಯಲ್ಲಿ ಹೇರಿಕೆಯಾಗಿದ್ದ ಗುರುತು ಇಲ್ಲಿ ತಾಯಿಯ ಹಾರೈಕೆಯಾಗಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹಳಿಯಾಳ ಸೀಮೆಯ ಸಿದ್ದಿ ಕ್ರೈಸ್ತರ ಚರಿತ್ರೆಯಲ್ಲಿ ದೈವಕೃಪೆಯ ಅರ್ಥವು ಋಣಕ್ಕೆ ಎದುರಾಗಿ ರೂಪುಗೊಂಡಿದೆ. ಎರಡನೆಯದಾಗಿ, ಪರಿವರ್ತನೆಯನ್ನು ಕೃಪೆ ಪಡೆದವರಲ್ಲಿ ಮಾತ್ರ ಹುಡುಕುವುದು ಅಪೂರ್ಣವಾದ ವಿಧಾನ. 1839ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿ ಗುಲಾಮರ ವ್ಯಾಪಾರವನ್ನು ಖಂಡಿಸಿದರು. 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಸೆನೆಗಲ್ಲಿನ ಗೊರೆ ದ್ವೀಪದಲ್ಲಿ ಆ ಪಾಪಕ್ಕಾಗಿ ಕ್ಷಮೆ ಬೇಡಿದರು. 2023ರ ಮಾರ್ಚ್ 30ರಂದು ವ್ಯಾಟಿಕನ್ ಹದಿನೈದನೆಯ ಶತಮಾನದ ಶಾಸನಪತ್ರಗಳಿಂದ ಬೆಳೆದ ‘ಅನ್ವೇಷಣೆಯ ಸಿದ್ಧಾಂತ’ವನ್ನು ಔಪಚಾರಿಕವಾಗಿ ನಿರಾಕರಿಸಿತು. ದಾಸರಿಗೆ ಕೃಪೆಯನ್ನು ಬೋಧಿಸಿದ ಧರ್ಮಸಭೆಯು ಅದೇ ಕೃಪೆಯ ಅಗತ್ಯ ತನಗೂ ಇದೆಯೆಂದು ಒಪ್ಪಿಕೊಳ್ಳಲು ಐದು ಶತಮಾನಗಳು ಬೇಕಾದವು. ಆ ಕೃಪೆಯನ್ನು ಒಡೆಯರಿಲ್ಲದ ಕಾಡಿನಲ್ಲಿ ತಮ್ಮದಾಗಿ ಉಳಿಸಿಕೊಂಡಿದ್ದವರು, ಫಿಲೆಮೋನನ ಉತ್ತರಕ್ಕೆ ಕಾಯದ ಒನೇಸಿಮನ ವಂಶದವರು. ಕರ್ನಾಟಕದ ಕ್ರೈಸ್ತಧರ್ಮದ ಇತಿಹಾಸದಲ್ಲಿ ಮಿಷನ್ ಕೇಂದ್ರಗಳಿಗೂ ಮುದ್ರಣಾಲಯಗಳಿಗೂ ದೊರೆತಿರುವ ಸ್ಥಾನದ ಪಕ್ಕದಲ್ಲಿಯೇ ಇವರ ಸ್ಥಾನವನ್ನೂ ಗುರುತಿಸಬೇಕಾಗಿದೆ.