ಬ್ರಿಸ್ಬೇನ್ ಬ್ರಾಂಕೋಸ್ ಮಹಿಳಾ ರಗ್ಬಿ ಲೀಗ್ ತಂಡ

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಜಧಾನಿಯಾದ ಬ್ರಿಸ್ಬೇನ್ ನಗರದ ವೃತ್ತಿಪರ ಮಹಿಳಾ ರಗ್ಬಿ ಲೀಗ್ ತಂಡ. ಪುರುಷರ ವಿಭಾಗದಲ್ಲಿ 1988ರಿಂದ ಕಣದಲ್ಲಿರುವ ಬ್ರಾಂಕೋಸ್ ಕ್ಲಬ್ಬಿಗೆ ಸೇರಿದ ಈ ತಂಡವು ಎನ್‌ಆರ್‌ಎಲ್‌ಡಬ್ಲ್ಯು ಎಂಬ ಹ್ರಸ್ವನಾಮದ ರಾಷ್ಟ್ರೀಯ ಮಹಿಳಾ ಪಂದ್ಯಾವಳಿಯಲ್ಲಿ ಮೊದಲ ಆವೃತ್ತಿಯಿಂದಲೂ ಆಡುತ್ತ ಬಂದಿದ್ದು, 2018, 2019, 2020 ಮತ್ತು 2025ರಲ್ಲಿ ಪ್ರಶಸ್ತಿ ಗೆದ್ದಿದೆ. 2025ರ ಅಂತ್ಯದವರೆಗೆ ಇಷ್ಟು ಪ್ರಶಸ್ತಿಗಳನ್ನು ಗಳಿಸಿದ, ಸತತವಾಗಿ ಮೂರು ಬಾರಿ ಗೆದ್ದ ಬೇರೆ ತಂಡವಿಲ್ಲ.

ರಗ್ಬಿ ಲೀಗ್ ತಲಾ 13 ಮಂದಿಯ ಎರಡು ತಂಡಗಳ ಆಟ. 15 ಮಂದಿ ಆಡುವ ರಗ್ಬಿ ಯೂನಿಯನ್‌ನಿಂದ ಇದು ಬೇರೆಯಾದುದು. ಚೆಂಡು ಹಿಡಿದು ಓಡುವ ಆಟಗಾರ್ತಿಯನ್ನು ಎದುರಾಳಿಗಳು ಹಿಡಿದು ತಡೆಯುವುದಕ್ಕೆ ಟ್ಯಾಕಲ್ ಎಂದು ಹೆಸರು. ಹಾಗೆ ಸಿಕ್ಕಿಬಿದ್ದ ಆಟಗಾರ್ತಿಯು ಎದ್ದು ನಿಂತು ಚೆಂಡನ್ನು ನೆಲದ ಮೇಲಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸಿದಾಗ ಆಟ ಮುಂದುವರಿಯುತ್ತದೆ. ಆರನೆಯ ಟ್ಯಾಕಲ್ ಆದೊಡನೆ ಚೆಂಡು ಎದುರಾಳಿಯ ಪಾಲಾಗುವುದರಿಂದ, ಐದನೆಯದು ಮುಗಿದ ಮೇಲೆ ಚೆಂಡನ್ನು ದೂರಕ್ಕೆ ಒದೆಯುವುದು ರೂಢಿ. ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದಕ್ಕೆ ಟ್ರೈ ಎನ್ನಲಾಗುತ್ತಿದ್ದು ಅದಕ್ಕೆ 4 ಅಂಕಗಳೂ, ಅನಂತರ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2 ಅಂಕಗಳೂ ದೊರೆಯುತ್ತವೆ.

2018ರ ಸೆಪ್ಟೆಂಬರ್‌ನಲ್ಲಿ ಪಂದ್ಯಾವಳಿ ಆರಂಭವಾದಾಗ ಅದರಲ್ಲಿದ್ದ ತಂಡಗಳು ನಾಲ್ಕು ಮಾತ್ರ: ಬ್ರಾಂಕೋಸ್, ಸಿಡ್ನಿ ರೂಸ್ಟರ್ಸ್, ಸೇಂಟ್ ಜಾರ್ಜ್ ಇಲವಾರ ಡ್ರ್ಯಾಗನ್ಸ್ ಮತ್ತು ನ್ಯೂಜಿಲೆಂಡ್ ವಾರಿಯರ್ಸ್. ಪ್ರತಿ ತಂಡವೂ ಉಳಿದ ಮೂರನ್ನು ಒಮ್ಮೊಮ್ಮೆ ಎದುರಿಸಿ, ಮೊದಲೆರಡು ಸ್ಥಾನ ಪಡೆದವು ನೇರವಾಗಿ ಫೈನಲ್‌ಗೆ ಹೋಗುತ್ತಿದ್ದವು. ಬ್ರಾಂಕೋಸ್ ಒಂದೂ ಪಂದ್ಯ ಸೋಲದೆ ಫೈನಲ್ ತಲುಪಿ, ಅಲ್ಲಿ ರೂಸ್ಟರ್ಸ್ ತಂಡವನ್ನು 34–12ರಿಂದ ಮಣಿಸಿತು. 2019ರಲ್ಲಿ ಡ್ರ್ಯಾಗನ್ಸ್ ವಿರುದ್ಧ 30–6ರಿಂದಲೂ, 2020ರಲ್ಲಿ ಪುನಃ ರೂಸ್ಟರ್ಸ್ ವಿರುದ್ಧ 20–10ರಿಂದಲೂ ಗೆದ್ದಿತು. ಫೈನಲ್‌ನ ಶ್ರೇಷ್ಠ ಆಟಗಾರ್ತಿಗೆ ಸಲ್ಲುವ ಕ್ಯಾರಿನ್ ಮರ್ಫಿ ಪದಕವು ಈ ಮೂರು ವರ್ಷಗಳಲ್ಲಿ ಕ್ರಮವಾಗಿ ಕಿಮಿಯೋರಾ ನಾಟಿ, ಅನೆಟ್ ಬ್ರ್ಯಾಂಡರ್ ಮತ್ತು ಆಂಬರ್ ಹಾಲ್ ಅವರಿಗೆ, ಅಂದರೆ ಮೂರು ಬಾರಿಯೂ ಬ್ರಾಂಕೋಸ್ ಆಟಗಾರ್ತಿಯರಿಗೇ ದೊರೆಯಿತು. ವರ್ಷದ ಶ್ರೇಷ್ಠ ಆಟಗಾರ್ತಿಯನ್ನು ಗೌರವಿಸುವ ಡ್ಯಾಲಿ ಎಂ ಪದಕವನ್ನು 2020ರಲ್ಲಿ ಇದೇ ತಂಡದ ಅಲಿ ಬ್ರಿಗಿನ್‌ಶಾ ಪಡೆದರು.

ಕೋವಿಡ್ ಕಾರಣದಿಂದ ಮುಂದೂಡಲ್ಪಟ್ಟ 2021ರ ಆವೃತ್ತಿಯು 2022ರ ಆರಂಭದಲ್ಲಿ ಆರು ತಂಡಗಳೊಂದಿಗೆ ನಡೆಯಿತು. ಲೀಗ್ ಹಂತದಲ್ಲಿ ಬ್ರಾಂಕೋಸ್ ಅಗ್ರಸ್ಥಾನ ಪಡೆದರೂ ಸೆಮಿಫೈನಲ್‌ನಲ್ಲಿ ರೂಸ್ಟರ್ಸ್‌ಗೆ ಸೋತಿತು. ಹೊಸ ತಂಡಗಳು ಕಣಕ್ಕಿಳಿದಂತೆ ಅನುಭವಿ ಆಟಗಾರ್ತಿಯರಿಗೆ ಬೇಡಿಕೆ ಹೆಚ್ಚಿ, ಫುಲ್‌ಬ್ಯಾಕ್ ಸ್ಥಾನದ ತಮಿಕಾ ಅಪ್ಟನ್ ಮತ್ತು ಮುಂಚೂಣಿಯ ಮಿಲಿ ಬಾಯ್ಲ್ ನ್ಯೂಕಾಸಲ್ ನೈಟ್ಸ್ ತಂಡವನ್ನು ಸೇರಿದರು. ಆ ತಂಡ 2022 ಮತ್ತು 2023ರಲ್ಲಿ ಪ್ರಶಸ್ತಿ ಗೆದ್ದಿತು. 2022ರ ಎರಡನೆಯ ಪಂದ್ಯಾವಳಿಯಲ್ಲಿ ಬ್ರಾಂಕೋಸ್ ಸೆಮಿಫೈನಲ್ ಹಂತವನ್ನೂ ಮುಟ್ಟಲಿಲ್ಲ. ಕ್ಲಬ್ಬಿನ ಹಿಂದಿನ ಆಟಗಾರ ಸ್ಕಾಟ್ ಪ್ರಿನ್ಸ್ 2023ರಲ್ಲಿ ಮುಖ್ಯ ತರಬೇತುದಾರರಾದ ಮೇಲೆ ಸ್ಥಿತಿ ಸುಧಾರಿಸಿತಾದರೂ ಆ ವರ್ಷವೂ ಮರುವರ್ಷವೂ ತಂಡದ ಓಟ ಸೆಮಿಫೈನಲ್‌ನಲ್ಲೇ ನಿಂತಿತು.

ಇದೇ ಅವಧಿಯಲ್ಲಿ ಆಟದ ಆರ್ಥಿಕ ನೆಲೆಯೂ ಬದಲಾಯಿತು. ಮೊದಲ ವರ್ಷಗಳಲ್ಲಿ ಆಟವೊಂದನ್ನೇ ನೆಚ್ಚಿಕೊಂಡು ಬದುಕಲಾಗದೆ ಬಹುತೇಕ ಆಟಗಾರ್ತಿಯರು ಬೇರೆ ಉದ್ಯೋಗ ಮಾಡುತ್ತಲೇ ತರಬೇತಿ ಪಡೆಯುತ್ತಿದ್ದರು. 2023ರಲ್ಲಿ ಮಹಿಳೆಯರನ್ನೂ ಒಳಗೊಂಡು ಏರ್ಪಟ್ಟ ವೇತನ ಒಪ್ಪಂದವು ಒಂದು ತಂಡ ಆಟಗಾರ್ತಿಯರ ಸಂಬಳಕ್ಕೆ ವೆಚ್ಚ ಮಾಡಬಹುದಾದ ಒಟ್ಟು ಮೊತ್ತವನ್ನು ಆ ವರ್ಷಕ್ಕೆ 9 ಲಕ್ಷ ಆಸ್ಟ್ರೇಲಿಯನ್ ಡಾಲರ್ ಎಂದು ಗೊತ್ತುಪಡಿಸಿ, 2027ರವರೆಗೆ ಹಂತಹಂತವಾಗಿ ಅದನ್ನು ಏರಿಸುವ ವ್ಯವಸ್ಥೆ ಮಾಡಿತು.

2025ರಲ್ಲಿ ಪಂದ್ಯಾವಳಿ 12 ತಂಡಗಳಿಗೆ ವಿಸ್ತರಿಸಿ ಲೀಗ್ ಹಂತದಲ್ಲೇ ಪ್ರತಿ ತಂಡ 11 ಪಂದ್ಯಗಳನ್ನಾಡಬೇಕಾಯಿತು. ಆ ವರ್ಷ ಅಪ್ಟನ್ ಬ್ರಾಂಕೋಸ್‌ಗೆ ಮರಳಿದರು. ಅಕ್ಟೋಬರ್ 5ರಂದು ಸಿಡ್ನಿಯಲ್ಲಿ ನಡೆದ ಫೈನಲ್‌ನಲ್ಲಿ ಬ್ರಾಂಕೋಸ್ ಎದುರಿಸಿದ್ದು, ಲೀಗ್ ಹಂತದಲ್ಲಿ ಒಂದು ಪಂದ್ಯವನ್ನೂ ಸೋಲದೆ ಬಂದಿದ್ದ ಹಿಂದಿನ ವರ್ಷದ ವಿಜೇತ ರೂಸ್ಟರ್ಸ್ ತಂಡವನ್ನು. ಪಂದ್ಯ 22–18ರಿಂದ ಬ್ರಾಂಕೋಸ್ ಪಾಲಾಯಿತು. ಅದೇ ದಿನ ಅದೇ ಮೈದಾನದಲ್ಲಿ ಕ್ಲಬ್ಬಿನ ಪುರುಷರ ತಂಡವೂ ಮೆಲ್ಬರ್ನ್ ಸ್ಟಾರ್ಮ್ ವಿರುದ್ಧ 26–22ರಿಂದ ಗೆದ್ದುದರಿಂದ, ಒಂದೇ ವರ್ಷ ಎರಡೂ ಪ್ರಶಸ್ತಿಗಳನ್ನು ಪಡೆದ ಮೊದಲ ಕ್ಲಬ್ ಎಂಬ ದಾಖಲೆ ಬ್ರಾಂಕೋಸ್ ಹೆಸರಿಗೆ ಸೇರಿತು. ಎರಡೂ ಫೈನಲ್‌ಗಳು ನಿರ್ಧಾರವಾದದ್ದು ಒಂದು ಟ್ರೈಯ ಬೆಲೆಯಷ್ಟೇ ಅಂತರದಿಂದ.

ತಂಡದ ದಾಖಲೆಗಳನ್ನು ಪಂದ್ಯಾವಳಿಯ ಬೆಳವಣಿಗೆಯೊಂದಿಗೆ ಹೋಲಿಸಿ ನೋಡುವುದು ಅಗತ್ಯ. ಮೊದಲ ಮೂರು ಪ್ರಶಸ್ತಿಗಳು ಫೈನಲ್ ಸೇರಿ ನಾಲ್ಕೇ ಪಂದ್ಯಗಳ, ಪಂದ್ಯಕ್ಕೆ 60 ನಿಮಿಷಗಳ ಆಟದಲ್ಲಿ ಬಂದವು. ನಾಲ್ಕನೆಯದು ಮೂರು ಪಟ್ಟು ತಂಡಗಳಿದ್ದ, 70 ನಿಮಿಷಗಳ ಆಟದ ದೀರ್ಘ ಸ್ಪರ್ಧೆಯಲ್ಲಿ ದಕ್ಕಿತು. ಈ ಎರಡೂ ಕಾಲಗಳಿಗೆ ಸೇರಿದ ಬ್ರಿಗಿನ್‌ಶಾ ನಾಲ್ಕೂ ವಿಜಯಗಳಲ್ಲಿ ಪಾಲ್ಗೊಂಡಿದ್ದು, ನಾಲ್ಕನೆಯದರಲ್ಲಿ ತಂಡದ ನಾಯಕಿಯಾಗಿದ್ದರು.