ಹೆಸರನ್ನು ತೊರೆದ ದಾನಿ

ಶ್ರಾವಕನ ಷಟ್ಕರ್ಮಗಳಲ್ಲಿ ದಾನವೂ ಒಂದು. ಕನ್ನಡ ನಾಡಿನ ಜೈನ ಶಾಸನಗಳು ದಾನಿಗಳ ಹೆಸರುಗಳನ್ನು ಕಾಪಾಡಿಕೊಂಡು ಬಂದಿವೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪಾದದ ಬಳಿ ಚಾವುಂಡರಾಯನ ಹೆಸರಿದೆ. 1007ರ ಲಕ್ಕುಂಡಿಯ ಶಾಸನವು ಅತ್ತಿಮಬ್ಬೆಯ ದಾನಶೀಲತೆಯನ್ನು ಕೊಂಡಾಡುತ್ತದೆ. ಕೊಟ್ಟ ದತ್ತಿಯನ್ನು ಮುಂದಿನವರು ಅಳಿಸದಂತೆ ಕಾಯುವುದಕ್ಕೂ ಇಂತಹ ಬರಹಗಳು ನೆರವಾದವು. ಆದುದರಿಂದ ಹೆಸರು ಬರೆಸುವುದೇ ದೋಷವೆನ್ನಲಾಗದು.

ಗುಪ್ತದಾನದ ಹಾದಿ ಬೇರೆ. ಆ ಹಾದಿ ಹಿಡಿದವರ ಚರಿತ್ರೆ ಸಹಜವಾಗಿಯೇ ದೊರೆಯುವುದಿಲ್ಲ. ಬಯಲಾದ ಅಪರೂಪದ ನಿದರ್ಶನವೆಂದರೆ ಅಮೆರಿಕದ ವರ್ತಕ ಚಕ್ ಫೀನಿಯವರದು. 1931ರಲ್ಲಿ ಸಾಧಾರಣ ಕುಟುಂಬದಲ್ಲಿ ಜನಿಸಿದ ಅವರು 1960ರಲ್ಲಿ ಪಾಲುದಾರರೊಬ್ಬರೊಡನೆ ಹಾಂಗ್‌ಕಾಂಗಿನಲ್ಲಿ ಸುಂಕರಹಿತ ಸರಕಿನ ವ್ಯಾಪಾರ ಆರಂಭಿಸಿ ಅಪಾರ ಸಂಪತ್ತನ್ನು ಗಳಿಸಿದರು. 1982ರಲ್ಲಿ ಬರ್ಮುಡಾದಲ್ಲಿ ದತ್ತಿಸಂಸ್ಥೆಯೊಂದನ್ನು ಸ್ಥಾಪಿಸಿ, 1984ರಲ್ಲಿ ಆ ವ್ಯಾಪಾರದಲ್ಲಿ ತಮಗಿದ್ದ ಶೇಕಡಾ 38.75ರ ಪಾಲನ್ನು ಅದಕ್ಕೆ ಒಪ್ಪಿಸಿಬಿಟ್ಟರು. ನೆರವು ಪಡೆದವರು ದಾನಿಯ ಹೆಸರು ಹೇಳಕೂಡದು, ಕಟ್ಟಡದಲ್ಲಿ ಫಲಕ ಹಾಕಕೂಡದು ಎಂಬುದೇ ಕಟ್ಟಳೆ. ಹೀಗಾಗಿ ಪತ್ರಿಕೆಗಳು ಅವರನ್ನು ಮಹಾಧನಿಕರ ಪಟ್ಟಿಯಲ್ಲಿ ಎಣಿಸುತ್ತಿದ್ದಾಗ ಆ ಧನ ಅವರದಾಗಿರಲಿಲ್ಲ.

1997ರಲ್ಲಿ ವ್ಯಾಪಾರ ಮಾರಾಟವಾದಾಗ ಈ ಗುಟ್ಟು ಹೊರಬಿದ್ದಿತು. ಐರ್ಲೆಂಡಿನ ವಿಶ್ವವಿದ್ಯಾಲಯಗಳಿಗೂ ಮುಂದೆ ವಿಯೆಟ್ನಾಮಿನ ಆರೋಗ್ಯಸೇವೆಗೂ ಆ ಹಣ ಸಂದಿತು. ಸುಮಾರು 800 ಕೋಟಿ ಡಾಲರುಗಳನ್ನು ವಿನಿಯೋಗಿಸಿ ಸಂಸ್ಥೆಯು 2020ರಲ್ಲಿ ಮುಚ್ಚಿತು. ಬಾಡಿಗೆ ಮನೆಯಲ್ಲಿ ವಾಸಿಸುತ್ತಿದ್ದ ಫೀನಿಯವರು 2023ರಲ್ಲಿ ನಿಧನರಾದರು.

ಅವರು ಜೈನರಲ್ಲ, ಆದರೂ ಅವರ ನಡೆಯಲ್ಲಿ ಶ್ರಾವಕನಿಗೆ ಪರಿಚಿತವಾದ ತತ್ತ್ವವೊಂದು ಕಾಣುತ್ತದೆ. ಪರಿಗ್ರಹಪರಿಮಾಣ ವ್ರತವು ವಸ್ತುವಿನ ಆಸೆಗೆ ಎಲ್ಲೆ ಹಾಕುತ್ತದೆ. ಹಣವನ್ನು ಬಿಡುವುದು ಕಷ್ಟ. ಕೊಟ್ಟೆನೆಂಬ ಅಭಿಮಾನವನ್ನು ಬಿಡುವುದು ಅದಕ್ಕಿಂತಲೂ ಕಷ್ಟ. ಮಾನಕಷಾಯ ಬೇರೂರುವುದು ಅಲ್ಲಿಯೇ.

ಗುಪ್ತದಾನಕ್ಕೂ ಒಂದು ಮಿತಿಯುಂಟು. ದಾನದ ಮಾದರಿ ಕಣ್ಣಿಗೆ ಬೀಳದಿದ್ದರೆ ಇತರರಿಗೆ ಪ್ರೇರಣೆಯಿಲ್ಲ. ಇತರ ಧನಿಕರಿಗೆ ಪ್ರೇರಣೆಯಾಗಲೆಂದೇ ಫೀನಿಯವರು ಕೊನೆಯ ವರ್ಷಗಳಲ್ಲಿ ಬಹಿರಂಗವಾಗಿ ಮಾತನಾಡಿದರು. ಹಣ ಎಲ್ಲಿಂದ ಬಂದಿತೆಂದು ತಿಳಿಯದಿದ್ದರೆ ಪಡೆದವರ ಮೇಲೂ ಶಂಕೆ ಮೂಡಬಹುದು. ಆದುದರಿಂದ ಬಸದಿಯ ಕಾರ್ಯದಲ್ಲಿ ದಾನಿಯ ಹೆಸರು ಮರೆಯಲ್ಲಿರಬಹುದು, ಲೆಕ್ಕ ಮಾತ್ರ ಮರೆಯಲ್ಲಿರಬಾರದು. ಗೋಡೆಯ ಫಲಕಕ್ಕೆ ಹೆಸರು ಕೊಡುವ ಮುನ್ನ ಪ್ರತಿಯೊಬ್ಬ ದಾನಿಯೂ ತನ್ನನ್ನು ತಾನೇ ಕೇಳಿಕೊಳ್ಳಲಿ: ಈ ಹೆಸರು ದತ್ತಿಯನ್ನು ಕಾಯುವುದಕ್ಕೋ, ತನ್ನ ಹೆಮ್ಮೆಯನ್ನು ಕಾಯುವುದಕ್ಕೋ? ಉತ್ತರ ದೊರೆತಲ್ಲಿಯೇ ದಾನದ ಶುದ್ಧಿಯೂ ದೊರೆಯುವುದು.