ಕಾಗೆಬಂಗಾರ, ಒರೆಗಲ್ಲು ಮತ್ತು ನಮ್ಮ ಅಡವಿನ ಚಿನ್ನ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಹೊತ್ತಿನಲ್ಲಿ ಸಂಘದ ಲೆಕ್ಕಪತ್ರ, ಕಟ್ಟಡ, ಅಧ್ಯಕ್ಷರುಗಳ ಸಾಧನೆಗಳ ಬಗ್ಗೆ ಬಲ್ಲವರು ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾವು ಇಲ್ಲಿ ಹೇಳಹೊರಟದ್ದು ಸಂಘದ ತಿಜೋರಿಯ ಒಳಗೆ ಸಣ್ಣ ಸಣ್ಣ ಚೀಲಗಳಲ್ಲಿ ಮಲಗಿರುವ ಒಂದು ವಸ್ತುವಿನ ಕಥೆ. ಅದು ಚಿನ್ನ. ಅದನ್ನು ನಿಜವೋ ಸುಳ್ಳೋ ಅಂತ ನಮ್ಮ ಹಿರಿಯರು ಹೇಗೆ ನೋಡುತ್ತಿದ್ದರು, ನಾವು ಹೇಗೆ ನೋಡಬೇಕು ಎಂಬುದು ಪ್ರತಿ ಮನೆಗೂ ಬೇಕಾದ ವಿಷಯ.

ಅಡವಿನ ಚಿನ್ನ ಮತ್ತು ಅಡಿಕೆ ತೋಟ

ಪುತ್ತೂರು, ಸುಳ್ಯ, ಕಡಬದ ಕಡೆ ಚಿನ್ನ ಬರೀ ಮದುವೆ ಮನೆಯ ಅಲಂಕಾರ ಅಲ್ಲ. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗದ ಮದ್ದು ಬಿಡಲಿಕ್ಕೆ ಮೈಲುತುತ್ತು ಬೇಕು, ಸುಣ್ಣ ಬೇಕು, ಮರ ಹತ್ತುವವರ ಸಂಬಳ ಬೇಕು. ಶಾಲೆಯ ಫೀಸೂ ಅದೇ ಹೊತ್ತಿಗೆ ಬರುತ್ತದೆ. ಅಡಿಕೆ ಮಾತ್ರ ಅಂಗಳದಲ್ಲಿ ಒಣಗಿ ಚಾಲಿಯಾಗಲಿಕ್ಕೆ ಇನ್ನೂ ಎಷ್ಟೋ ತಿಂಗಳು ಉಂಟು. ಆಟಿ ತಿಂಗಳ ಆ ಇಕ್ಕಟ್ಟಿನಲ್ಲಿ ಕೈ ಹಿಡಿಯುವುದು ಮನೆಯ ಹೆಂಗಸರ ಬಳೆ, ಸರಗಳೇ. ಅಡಿಕೆ ಮಾರಿದ ಮೇಲೆ ಬಿಡಿಸಿಕೊಂಡು ಹೋಗುವುದು, ಮುಂದಿನ ಮಳೆಗಾಲಕ್ಕೆ ಪುನಃ ತರುವುದು. ಹೀಗೆ ಎಷ್ಟೋ ತೋಟಗಳು ಉಳಿದದ್ದು ಅಮ್ಮಂದಿರ, ಅಕ್ಕಂದಿರ ಕುತ್ತಿಗೆಯ ಚಿನ್ನದಿಂದ ಎಂದರೆ ಹೆಚ್ಚಿನ ಮಾತಲ್ಲ.

ಒಂದು ಕಾಲದಲ್ಲಿ ಈ ಅಡವು ಹೋಗುತ್ತಿದ್ದದ್ದು ಭಂಡಸಾಲೆಗೆ ಅಥವಾ ಬಡ್ಡಿ ವ್ಯಾಪಾರಿಯ ಅಂಗಡಿಗೆ. ಚಿನ್ನದ ಬೆಲೆ ಹೇಳುವವನೂ ಅವನೇ, ಬಡ್ಡಿ ಬರೆಯುವವನೂ ಅವನೇ. 1904ರಲ್ಲಿ ದೇಶದಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘಕ್ಕೆ ನಾಂದಿ ಹಾಡಿದರು. ಮುಂದೆ 1914ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕ್ ಹುಟ್ಟಿದ್ದೂ ಪುತ್ತೂರಿನಲ್ಲೇ. ರೈತನ ಒಡವೆಯನ್ನು ರೈತರೇ ಸೇರಿ ಕಾಯುವ ದಾರಿ ಹಾಗೆ ತೆರೆಯಿತು. ಆದರೆ ಕಾಯಬೇಕಾದರೆ ಮೊದಲು ಗುರುತಿಸಲಿಕ್ಕೆ ಗೊತ್ತಿರಬೇಕಲ್ಲ?

ಹೊಳೆಯ ಮರಳಿನ ಮಿನುಗು

ಕುಮಾರಧಾರೆಯಲ್ಲಿ, ಪಯಸ್ವಿನಿಯಲ್ಲಿ ಸ್ನಾನಕ್ಕಿಳಿದ ಮಕ್ಕಳು ಮರಳನ್ನು ಅಂಗೈಯಲ್ಲಿ ಹಿಡಿದು "ಚಿನ್ನ ಸಿಕ್ಕಿತು" ಅಂತ ಕೂಗುವುದು ನಮಗೆಲ್ಲ ಗೊತ್ತುಂಟು. ಆ ಮಿನುಗುವ ತೆಳ್ಳನೆಯ ಪದರಿಗೆ ನಮ್ಮ ಹಿರಿಯರು ಇಟ್ಟ ಹೆಸರೇ ಕಾಗೆಬಂಗಾರ. ಅದು ಅಭ್ರಕ. ಬಿಸಿಲಿಗೂ ಮಳೆಗೂ ಸಿಕ್ಕಿದ ಕಪ್ಪು ಅಭ್ರಕ ಹೊಂಬಣ್ಣಕ್ಕೆ ತಿರುಗುತ್ತದೆ. ಉಗುರಿನಲ್ಲಿ ಕೆರೆದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತದೆ, ನೀರಿನಲ್ಲಿ ತೇಲಿಕೊಂಡು ಹೋಗುತ್ತದೆ. ಚಿನ್ನ ಹಾಗೆ ತೇಲುವುದಿಲ್ಲ, ತಳ ಹಿಡಿಯುತ್ತದೆ.

ಇನ್ನೊಂದು ಮೋಸಗಾರ ಕಲ್ಲು ಉಂಟು, ಅದು ಪೈರೈಟ್. ಕಬ್ಬಿಣ ಮತ್ತು ಗಂಧಕ ಸೇರಿ ಆದ ಖನಿಜ. ಬಾವಿ ತೋಡುವಾಗ, ಬೋರ್‌ವೆಲ್ ಕೊರೆಯುವಾಗ ಗಟ್ಟಿ ಕಲ್ಲಿನ ನಡುವೆ ಹಿತ್ತಾಳೆಯ ಬಣ್ಣದ ಚುಕ್ಕಿಗಳು ಕಂಡರೆ ಹೆಚ್ಚಾಗಿ ಅದು ಇದೇ. ಇದರ ಹತ್ತಿರದ ಸಂಬಂಧಿ ಚಾಲ್ಕೋಪೈರೈಟ್, ಅದರಲ್ಲಿ ತಾಮ್ರವೂ ಉಂಟು. ಜಗತ್ತಿನ ತಾಮ್ರದ ದೊಡ್ಡ ಪಾಲು ಈ ಅದಿರಿನಿಂದಲೇ ಬರುವುದು. ಅಂದರೆ ತೋಟಕ್ಕೆ ಬಿಡುವ ಮೈಲುತುತ್ತಿನ ಮೂಲವನ್ನು ಹುಡುಕುತ್ತ ಹೋದರೂ ಹೆಚ್ಚಾಗಿ ಇಂಥ ಸುಳ್ಳು ಚಿನ್ನಕ್ಕೇ ಮುಟ್ಟುತ್ತೇವೆ! ಆಯುರ್ವೇದದಲ್ಲಿ ಸ್ವರ್ಣಮಾಕ್ಷಿಕ ಎನ್ನುವುದೂ ಇದೇ ಜಾತಿಯ ಕಲ್ಲು. ಹಾಗಾಗಿ ಸುಳ್ಳು ಚಿನ್ನ ಎಂದರೆ ಕೆಲಸಕ್ಕೆ ಬಾರದ್ದು ಅಂತ ಅಲ್ಲ. ಚಿನ್ನದ ಬೆಲೆಗೆ ಅದನ್ನು ಕೊಂಡರೆ ಮಾತ್ರ ನಷ್ಟ.

ದೊಡ್ಡವರೂ ಮೋಸ ಹೋದದ್ದು

ಈ ಮಿನುಗಿಗೆ ಮರುಳಾದವರು ಮಕ್ಕಳು ಮಾತ್ರ ಅಲ್ಲ. ಇಂಗ್ಲೆಂಡಿನ ಮಾರ್ಟಿನ್ ಫ್ರೋಬಿಷರ್ ಎಂಬ ನಾವಿಕ 1576ರಿಂದ 1578ರ ನಡುವೆ ಮೂರು ಸಲ ಕೆನಡಾದ ಉತ್ತರದ ಹಿಮದ ದ್ವೀಪಕ್ಕೆ ಹೋಗಿ, ಚಿನ್ನದ ಅದಿರು ಅಂತ ನಂಬಿ ಸಾವಿರ ಟನ್ನಿಗೂ ಹೆಚ್ಚು ಕಲ್ಲನ್ನು ಹಡಗುಗಳಲ್ಲಿ ತುಂಬಿಸಿ ತಂದ. ಕರಗಿಸಿ ನೋಡಿದರೆ ಚಿನ್ನವೇ ಇಲ್ಲ. ಹಣ ಹಾಕಿದವರು ಮುಳುಗಿದರು, ಕಲ್ಲು ರಸ್ತೆಗೂ ಗೋಡೆಗೂ ಹೋಯಿತು.

ನಮ್ಮ ದಕ್ಷಿಣದಲ್ಲೂ ಹೀಗೆ ಆದದ್ದುಂಟು. 1880ರ ಸುಮಾರಿಗೆ ವಯನಾಡು ಮತ್ತು ನೀಲಗಿರಿಯ ಗಡಿಯ ದೇವಾಲ, ಪಂದಲೂರು ಕಡೆ ಚಿನ್ನ ಉಂಟೆಂದು ಲಂಡನ್ನಿನಲ್ಲಿ ಒಂದರ ಮೇಲೊಂದು ಕಂಪನಿ ಹುಟ್ಟಿದವು. ಅಲ್ಲಿ ಚಿನ್ನ ಇದ್ದದ್ದು ಸುಳ್ಳಲ್ಲ. ಆದರೆ ಖರ್ಚು ಹುಟ್ಟುವಷ್ಟು ಇರಲಿಲ್ಲ, ಇದ್ದದ್ದೂ ಪೈರೈಟಿನ ಜೊತೆ ಬೆರೆತಿತ್ತು. ಕೆಲವೇ ವರ್ಷಗಳಲ್ಲಿ ಎಲ್ಲ ನಿಂತುಹೋಯಿತು. ಅದೇ ಹೊತ್ತಿಗೆ ಕೋಲಾರದಲ್ಲಿ ಶುರುವಾದ ಗಣಿ ಕೂಡ ಇನ್ನೇನು ಮುಚ್ಚಬೇಕು ಎನ್ನುವಾಗ ಚಾಂಪಿಯನ್ ಲೋಡ್ ಎಂಬ ಚಿನ್ನದ ಪದರ ಸಿಕ್ಕಿ ಜಗತ್ಪ್ರಸಿದ್ಧವಾಯಿತು. ನೂರ ಇಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಆ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಅಲ್ಲಿಯ ಕಲ್ಲಿನಲ್ಲೂ ಪೈರೈಟ್ ಉಂಟು. ಸುಳ್ಳೂ ನಿಜವೂ ಒಂದೇ ಕಲ್ಲಿನಲ್ಲಿ ಅಣ್ಣ ತಮ್ಮಂದಿರ ಹಾಗೆ ಇರುವಾಗ, ಬೇರೆ ಮಾಡಲಿಕ್ಕೆ ಕಣ್ಣೊಂದು ಸಾಲದು.

ಮನೆಯಲ್ಲೇ ಪರೀಕ್ಷೆ ಹೇಗೆ?

ತೋಟದಲ್ಲಿ ಹೊಳೆಯುವ ಕಲ್ಲು ಸಿಕ್ಕಿದರೆ ಯಾರಿಗೂ ಹಣ ಕೊಡದೆ ಮನೆಯಲ್ಲೇ ಹೀಗೆ ನೋಡಬಹುದು.

1. ಹೊಳಪು: ಬಿಸಿಲಿನಲ್ಲಿ ಹಿಡಿದು ತಿರುಗಿಸಿ. ಪೈರೈಟ್ ಒಂದು ಕೋನದಲ್ಲಿ ಮಿಂಚಿ ಇನ್ನೊಂದರಲ್ಲಿ ಮಂಕಾಗುತ್ತದೆ. ಚಿನ್ನದ ಬಣ್ಣ ನೆರಳಿನಲ್ಲೂ ಹಾಗೆಯೇ.

2. ಆಕಾರ: ಪೈರೈಟ್ ಹೆಚ್ಚಾಗಿ ದಾಳದ ಹಾಗೆ ಚೌಕ ಹರಳುಗಳಾಗಿ ಬೆಳೆಯುತ್ತದೆ, ಮೈಮೇಲೆ ಸಣ್ಣ ಗೀರುಗಳಿರುತ್ತವೆ. ಚಿನ್ನಕ್ಕೆ ಸಾಮಾನ್ಯವಾಗಿ ಅಂಥ ಅಚ್ಚುಕಟ್ಟು ಇಲ್ಲ.

3. ಸೂಜಿ: ಗಟ್ಟಿ ಸೂಜಿಯಿಂದ ಒತ್ತಿದರೆ ಚಿನ್ನ ತಗ್ಗುತ್ತದೆ, ಪೈರೈಟ್ ತಗ್ಗದೆ ಚೂರಾಗುತ್ತದೆ. ಗಡಸುತನದ ಹತ್ತರ ಅಳತೆಯಲ್ಲಿ ಚಿನ್ನ ಎರಡೂವರೆಯಿಂದ ಮೂರು, ಪೈರೈಟ್ ಆರರ ಮೇಲೆ.

4. ಸುತ್ತಿಗೆ: ಸಣ್ಣ ಚೂರನ್ನು ಬಟ್ಟೆಯಲ್ಲಿ ಸುತ್ತಿ ಬಡಿಯಿರಿ. ಚಿನ್ನ ಹಪ್ಪಳದ ಹಾಗೆ ಹರಡುತ್ತದೆ, ಪೈರೈಟ್ ಹುಡಿಯಾಗುತ್ತದೆ. ಪೈರೈಟನ್ನು ಉಕ್ಕಿನಿಂದ ಕುಟ್ಟಿದರೆ ಕಿಡಿ ಹಾರುತ್ತದೆ. ಬೆಂಕಿ ಎಂಬ ಅರ್ಥದ ಗ್ರೀಕ್ ಮಾತಿನಿಂದಲೇ ಅದಕ್ಕೆ ಆ ಹೆಸರು ಬಂದದ್ದು.

5. ಗೆರೆ: ಇದು ಎಲ್ಲಕ್ಕಿಂತ ಸುಲಭ. ಪಿಂಗಾಣಿ ಬಟ್ಟಲಿನ ಅಡಿಯಲ್ಲಿ ಹೊಳಪಿಲ್ಲದ ಒರಟು ಅಂಚು ಇರುತ್ತದಲ್ಲ, ಅದಕ್ಕೆ ಉಜ್ಜಿ. ಚಿನ್ನದ ಗೆರೆ ಹಳದಿ. ಪೈರೈಟಿನ ಗೆರೆ ಹಸಿರು ಮಿಶ್ರಿತ ಕಪ್ಪು.

ಆಯಸ್ಕಾಂತವನ್ನು ಮಾತ್ರ ನಂಬಬೇಡಿ. ಪೈರೈಟಿನಲ್ಲಿ ಕಬ್ಬಿಣ ಇದ್ದರೂ ಮನೆಯ ಆಯಸ್ಕಾಂತಕ್ಕೆ ಅದು ಹಿಡಿಯುವುದಿಲ್ಲ. ಬೆಂಕಿಗೆ ಹಾಕಿದರೆ ಗಂಧಕದ ವಾಸನೆ ಬರುತ್ತದೆ, ಆದರೆ ಆ ಹೊಗೆ ಎದೆಗೆ ಒಳ್ಳೆಯದಲ್ಲ. ಆಮ್ಲದ ಕೆಲಸವನ್ನೂ ಮನೆಯಲ್ಲಿ ಮಾಡಲಿಕ್ಕೆ ಹೋಗಬೇಡಿ.

ಒರೆಗಲ್ಲು ಮತ್ತು ತಕ್ಕಡಿ

ಇಷ್ಟು ಹೇಳಿದ ಮೇಲೆ ಒಂದು ಮಾತು. ಸಂಘದ ಕೌಂಟರಿಗೆ ಪೈರೈಟಿನ ಬಳೆ ಬರುವುದಿಲ್ಲ. ಯಾಕೆಂದರೆ ಅದನ್ನು ಬಡಿದು ಬಳೆ ಮಾಡಲಿಕ್ಕೆ ಆಗುವುದೇ ಇಲ್ಲ. ಅಲ್ಲಿಗೆ ಬರುವುದು ಗಿಲೀಟಿನ ಹಿತ್ತಾಳೆ, ಬೆಳ್ಳಿಯ ಮೇಲೆ ದಪ್ಪ ಚಿನ್ನದ ನೀರು, ಹೊರಗೆ ಚಿನ್ನ ಒಳಗೆ ಅರಗು. ಇವನ್ನು ಹಿಡಿಯುವ ಹಳೆಯ ಉಪಾಯ ಒರೆಗಲ್ಲು. ಆಚಾರ್ರು, ಶೇಟ್ರು, ಸಂಘದ ಸರಾಫರು ಆ ನುಣುಪು ಕಪ್ಪು ಕಲ್ಲಿಗೆ ಒಡವೆಯನ್ನು ಉಜ್ಜಿ, ಪಕ್ಕದಲ್ಲಿ ಗೊತ್ತಿರುವ ಮಾಪಿನ ಚಿನ್ನದ ಗೆರೆ ಎಳೆದು, ಮೇಲೆ ಒಂದು ಹನಿ ಆಮ್ಲ ಬಿಡುತ್ತಾರೆ. ಹಿತ್ತಾಳೆಯ ಗೆರೆ ಮಾಯವಾಗುತ್ತದೆ, ಒಳ್ಳೆಯ ಚಿನ್ನದ್ದು ನಿಲ್ಲುತ್ತದೆ. ಪಿಂಗಾಣಿಯ ಗೆರೆಯೂ ಒರೆಗಲ್ಲಿನ ಗೆರೆಯೂ ಒಂದೇ ವಿದ್ಯೆಯ ಎರಡು ಮುಖ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಒರೆಗಲ್ಲಿನ ಪರೀಕ್ಷೆಯೂ, ಚಿನ್ನದ ಕೆಲಸದಲ್ಲಿ ಆಗುವ ಮೋಸಗಳೂ ಬಂದಿವೆ. ಮೋಸವೂ ಹಳೆಯದು, ಎಚ್ಚರವೂ ಹಳೆಯದು.

ಒರೆಗಲ್ಲು ನೋಡುವುದು ಮೇಲ್ಮೈ ಮಾತ್ರ. ಒಳಗಿನದ್ದಕ್ಕೆ ನೀರಿನ ತೂಕ ಬೇಕು. ಇದನ್ನು ಮನೆಯಲ್ಲೂ ಮಾಡಬಹುದು. ಗ್ರಾಮಿನ ಹತ್ತನೇ ಒಂದು ಪಾಲು ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಒಡವೆಯನ್ನು ನೂಲಿನಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ನಮ್ಮಲ್ಲಿ ಪವನು ಎಂದರೆ ಎಂಟು ಗ್ರಾಂ. ಐದು ಪವನಿನ, ಅಂದರೆ 40 ಗ್ರಾಮಿನ 22 ಕ್ಯಾರೆಟ್ ಒಡವೆಯಾದರೆ ತಕ್ಕಡಿ ಸುಮಾರು ಎರಡೂಕಾಲು ಗ್ರಾಂ ತೋರಿಸಬೇಕು. ಅಷ್ಟೇ ತೂಕದ ಹಿತ್ತಾಳೆಯಾದರೆ ನಾಲ್ಕೂವರೆಯ ಮೇಲೆ, ಪೈರೈಟಾದರೆ ಎಂಟರ ಹತ್ತಿರ. ಟೊಳ್ಳು ಒಡವೆ, ಹರಳು ಕೂರಿಸಿದ್ದು, ಕರಿಮಣಿ ಇದ್ದದ್ದಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ. ಟಂಗ್‌ಸ್ಟನ್ ಎಂಬ ಲೋಹದ ಭಾರವೂ ಚಿನ್ನದಷ್ಟೇ ಇರುವುದರಿಂದ ಅದನ್ನು ಒಳಗಿಟ್ಟರೆ ತಕ್ಕಡಿಗೂ ಗೊತ್ತಾಗುವುದಿಲ್ಲ. ಒಂದೇ ಪರೀಕ್ಷೆ ಸಾಲದು, ಎರಡು ಮೂರು ಸೇರಿದರೆ ಮಾತ್ರ ಧೈರ್ಯ.

ಕಾನೂನಿನ ಕಾಲ

1963ರಲ್ಲಿ ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿಗಳಾಗಿದ್ದಾಗ ಚಿನ್ನದ ಹತೋಟಿ ಬಂತು. 14 ಕ್ಯಾರೆಟ್‌ಗಿಂತ ಮೇಲಿನ ಹೊಸ ಒಡವೆ ಮಾಡುವಂತಿಲ್ಲ ಎಂದಾಯಿತು. ದೇಶದ ಲಕ್ಷಾಂತರ ಅಕ್ಕಸಾಲಿಗರ ಕುಲುಮೆ ಆರಿತು. ಆ ಕ್ಯಾರೆಟ್ ನಿಯಮ ಕೆಲವು ವರ್ಷಗಳಲ್ಲಿ ಹೋದರೂ 1968ರ ಚಿನ್ನ ನಿಯಂತ್ರಣ ಕಾಯಿದೆ 1990ರವರೆಗೆ ಉಳಿಯಿತು.

2000ರಲ್ಲಿ ಭಾರತೀಯ ಮಾನಕ ಬ್ಯೂರೋ ಚಿನ್ನಕ್ಕೆ ಹಾಲ್‌ಮಾರ್ಕ್ ಕೊಡಲು ಆರಂಭಿಸಿತು. 2021ರ ಜೂನ್‌ನಿಂದ ಅದು ಹಂತ ಹಂತವಾಗಿ ಕಡ್ಡಾಯವಾಯಿತು. ಈಗ ಒಡವೆಯ ಮೇಲೆ ಬ್ಯೂರೋದ ಗುರುತು, 22 ಕ್ಯಾರೆಟ್‌ಗೆ 916 ಎಂಬ ಸಂಖ್ಯೆ, ಆರು ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತವೆ. ಆ ಸಂಖ್ಯೆಯನ್ನು ಬ್ಯೂರೋದ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಯಾವ ಅಂಗಡಿ, ಎಷ್ಟು ಶುದ್ಧ ಅಂತ ಮೊಬೈಲೇ ಹೇಳುತ್ತದೆ. ಅಜ್ಜಿಯ ಕಾಲದ ಬೆಂಡೋಲೆಗೆ ಈ ಗುರುತು ಇಲ್ಲ ಅಂತ ಅದು ಸುಳ್ಳಾಗುವುದಿಲ್ಲ. ಅದಕ್ಕೆ ಸರಾಫರ ಒರೆಗಲ್ಲೇ ಸಾಕ್ಷಿ.

ಸದಸ್ಯರಿಗೆ ಎರಡು ಮಾತು

ನಿಧಿ ಸಿಕ್ಕಿದೆ, ಅರ್ಧ ಬೆಲೆಗೆ ಕೊಡುತ್ತೇವೆ ಎನ್ನುವವರ ಕಥೆ ಕರ್ನಾಟಕದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಮೊದಲು ತೋರಿಸುವ ಒಂದು ನಾಣ್ಯ ನಿಜದ್ದು, ಹಣ ಕೊಟ್ಟ ಮೇಲೆ ಕೈಗೆ ಬರುವ ಗಂಟು ಹಿತ್ತಾಳೆ. ಒಡವೆಗೆ ಪಾಲಿಶ್ ಹಾಕುತ್ತೇವೆ ಅಂತ ಬಂದು ಆಮ್ಲದ ನೀರಿನಲ್ಲಿ ಚಿನ್ನವನ್ನೇ ಕರಗಿಸಿಕೊಂಡು ಹೋಗುವವರೂ ಉಂಟು. ಇಂಥವರನ್ನು ಅಂಗಳದಿಂದಲೇ ಹಿಂದೆ ಕಳುಹಿಸಿ.

ಸಂಘದಲ್ಲಿ ಸರಾಫರು ನಿಮ್ಮ ಸರವನ್ನು ಕಲ್ಲಿಗೆ ಉಜ್ಜಿದರೆ, ಪುನಃ ಪುನಃ ತೂಗಿದರೆ ಬೇಸರ ಮಾಡಬೇಡಿ. ನಿಮ್ಮ ಮೇಲಿನ ಸಂಶಯದಿಂದ ಮಾಡುವ ಕೆಲಸ ಅದಲ್ಲ. ಒಂದು ಸುಳ್ಳು ಬಳೆಗೆ ಕೊಟ್ಟ ಸಾಲ ಮುಳುಗಿದರೆ ಮುಳುಗುವುದು ಯಾರೋ ದೊಡ್ಡವರ ಹಣ ಅಲ್ಲ. ಹಾಲು ಮಾರಿ, ಬೀಡಿ ಕಟ್ಟಿ, ಅಡಿಕೆ ಸುಲಿದು ಇಟ್ಟ ನಮ್ಮ ನಿಮ್ಮ ಠೇವಣಿ. ಅಡವಿನ ಚೀಟಿಯಲ್ಲಿ ತೂಕ, ಒಡವೆಯ ವಿವರ ಸರಿಯಾಗಿ ಬರೆದಿದೆಯೇ ಅಂತ ನೀವೂ ಓದಿಯೇ ಸಹಿ ಹಾಕಿ. ಪರೀಕ್ಷೆ ಎರಡೂ ಕಡೆಯಿಂದ ಇದ್ದರೆ ನಂಬಿಕೆ ಗಟ್ಟಿ.

ಹಾಲ್‌ಮಾರ್ಕಿನ ವಯಸ್ಸೂ ನಮ್ಮ ಸಂಘದ ವಯಸ್ಸೂ ಹೆಚ್ಚು ಕಡಿಮೆ ಒಂದೇ. ಇಪ್ಪತ್ತೈದು ಮಳೆಗಾಲಗಳ ಒರೆಗಲ್ಲಿನಲ್ಲಿ ಸಂಘದ ಗೆರೆ ಅಳಿಸಿಲ್ಲ. ಬೆಳ್ಳಿಹಬ್ಬ ದಾಟಿ ಚಿನ್ನದ ಹಬ್ಬಕ್ಕೆ ನಡೆಯುವಾಗಲೂ ಆ ಗೆರೆ ಹಳದಿಯಾಗಿಯೇ ಇರಲಿ ಎಂದು ನಾವೆಲ್ಲರೂ ಹಾರೈಸೋಣ.